ಉತ್ತರ ಮ್ಯಾಸಿಡೋನಿಯಾದ ಐರೋಪ್ಯ ಒಕ್ಕೂಟ ಸೇರ್ಪಡೆ ಪ್ರಕ್ರಿಯೆ

ಉತ್ತರ ಮ್ಯಾಸಿಡೋನಿಯಾ ಆಗ್ನೇಯ ಯುರೋಪಿನ ಬಾಲ್ಕನ್ ಪ್ರದೇಶದಲ್ಲಿರುವ, ಕಡಲ ತೀರವಿಲ್ಲದ ಒಂದು ಚಿಕ್ಕ ಗಣರಾಜ್ಯ. ಇದರ ರಾಜಧಾನಿ ಸ್ಕೋಪ್ಯೆ. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 18 ಲಕ್ಷ. ಐರೋಪ್ಯ ಒಕ್ಕೂಟದ ಸದಸ್ಯತ್ವಕ್ಕಾಗಿ ಈ ದೇಶವು 2004ರ ಮಾರ್ಚ್ 22ರಂದು ಅರ್ಜಿ ಸಲ್ಲಿಸಿತು ಮತ್ತು 2005ರ ಡಿಸೆಂಬರ್‌ನಲ್ಲಿ ಅಭ್ಯರ್ಥಿ ರಾಷ್ಟ್ರದ ಸ್ಥಾನವನ್ನು ಪಡೆಯಿತು. ಆದರೆ ಸೇರ್ಪಡೆಯ ಮಾತುಕತೆ ವಿಧ್ಯುಕ್ತವಾಗಿ ಆರಂಭವಾದದ್ದು 2022ರಲ್ಲಿ. ಹದಿನಾರು ವರ್ಷಕ್ಕೂ ಮೀರಿದ ಈ ವಿಳಂಬಕ್ಕೆ ನೆರೆಯ ಸದಸ್ಯ ರಾಷ್ಟ್ರಗಳು ದೇಶದ ಹೆಸರು, ಭಾಷೆ ಮತ್ತು ಇತಿಹಾಸದ ಬಗ್ಗೆ ಎತ್ತಿದ ಆಕ್ಷೇಪಗಳೇ ಮುಖ್ಯ ಕಾರಣ. ಒಕ್ಕೂಟದ ವಿಸ್ತರಣೆಯ ಪ್ರತಿ ಹಂತಕ್ಕೂ ಎಲ್ಲ ಸದಸ್ಯ ರಾಷ್ಟ್ರಗಳ ಒಪ್ಪಿಗೆ ಬೇಕಾಗಿರುವುದರಿಂದ, ಒಂದೇ ರಾಷ್ಟ್ರದ ವಿರೋಧವೂ ಪ್ರಕ್ರಿಯೆಯನ್ನು ತಡೆಯಬಲ್ಲದು.

ಹಿನ್ನೆಲೆ

1991ರ ಸೆಪ್ಟೆಂಬರ್ 8ರಂದು ನಡೆದ ಜನಮತಗಣನೆಯ ಬಳಿಕ ಮ್ಯಾಸಿಡೋನಿಯಾ ಯುಗೊಸ್ಲಾವಿಯಾದಿಂದ ಬೇರ್ಪಟ್ಟಿತು. 2001ರಲ್ಲಿ ಅಲ್ಬೇನಿಯನ್ ಬಂಡುಕೋರರಿಗೂ ಸರ್ಕಾರಿ ಪಡೆಗಳಿಗೂ ನಡುವೆ ಸಂಘರ್ಷ ನಡೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆದ ಓಹ್ರಿಡ್ ಒಪ್ಪಂದವು ಅಲ್ಬೇನಿಯನ್ ಸಮುದಾಯಕ್ಕೆ ಭಾಷೆ ಮತ್ತು ಆಡಳಿತದಲ್ಲಿ ಹೆಚ್ಚಿನ ಹಕ್ಕುಗಳನ್ನು ನೀಡಿ ಅದನ್ನು ಕೊನೆಗೊಳಿಸಿತು. ಪಶ್ಚಿಮ ಬಾಲ್ಕನ್ ದೇಶಗಳ ಪೈಕಿ ಒಕ್ಕೂಟದೊಂದಿಗೆ ಸ್ಥಿರೀಕರಣ ಮತ್ತು ಸಹಯೋಗ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ್ದು ಇದೇ ದೇಶ (ಏಪ್ರಿಲ್ 2001).

ಹೆಸರಿನ ವಿವಾದ

ಗ್ರೀಸ್‌ನ ಉತ್ತರ ಭಾಗಕ್ಕೂ ಮ್ಯಾಸಿಡೋನಿಯಾ ಎಂಬ ಹೆಸರಿದೆ. ಅಲೆಕ್ಸಾಂಡರನ ಪ್ರಾಚೀನ ರಾಜ್ಯದ ಪರಂಪರೆ ತನ್ನದೆಂದು ಗ್ರೀಸ್ ಭಾವಿಸುತ್ತದೆ. ನೆರೆಯ ದೇಶ ಅದೇ ಹೆಸರನ್ನು ಇಟ್ಟುಕೊಳ್ಳುವುದರ ಹಿಂದೆ ಭೂಪ್ರದೇಶದ ಮೇಲಿನ ಹಕ್ಕೊತ್ತಾಯವೂ ಅಡಗಿದೆಯೆಂಬುದು ಅದರ ಶಂಕೆಯಾಗಿತ್ತು. ಆದ್ದರಿಂದ 1993ರಲ್ಲಿ ವಿಶ್ವಸಂಸ್ಥೆಯು ಈ ದೇಶವನ್ನು 'ಹಿಂದಿನ ಯುಗೊಸ್ಲಾವ್ ಮ್ಯಾಸಿಡೋನಿಯಾ ಗಣರಾಜ್ಯ' ಎಂಬ ತಾತ್ಕಾಲಿಕ ನಾಮದಡಿ ಸೇರಿಸಿಕೊಂಡಿತು. 1994ರಲ್ಲಿ ಗ್ರೀಸ್ ವ್ಯಾಪಾರ ದಿಗ್ಬಂಧನ ಹೇರಿತು. 1995ರ ಮಧ್ಯಂತರ ಒಪ್ಪಂದದ ಫಲವಾಗಿ ಮ್ಯಾಸಿಡೋನಿಯಾ ತನ್ನ ಧ್ವಜವನ್ನು ಬದಲಿಸಿತು, ದಿಗ್ಬಂಧನ ತೆರವಾಯಿತು. ಹೆಸರಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

2008ರಲ್ಲಿ ಗ್ರೀಸ್‌ನ ವಿರೋಧದಿಂದ ನ್ಯಾಟೋ ಸದಸ್ಯತ್ವ ಕೈತಪ್ಪಿತು. ಇದು ಮಧ್ಯಂತರ ಒಪ್ಪಂದದ ಉಲ್ಲಂಘನೆಯೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2011ರಲ್ಲಿ ತೀರ್ಪಿತ್ತರೂ ಪರಿಸ್ಥಿತಿ ಬದಲಾಗಲಿಲ್ಲ. ಮಾತುಕತೆ ಆರಂಭಿಸಬಹುದೆಂದು ಐರೋಪ್ಯ ಆಯೋಗವು 2009ರಲ್ಲಿ ಶಿಫಾರಸು ಮಾಡಿತ್ತು. ಅದೂ ಗ್ರೀಸ್‌ನ ಒಪ್ಪಿಗೆಯಿಲ್ಲದೆ ನಿಂತಿತು. ದೇಶದೊಳಗೂ ಎಲ್ಲವೂ ಸರಿಯಿರಲಿಲ್ಲ: ಸಾವಿರಾರು ಜನರ ದೂರವಾಣಿ ಸಂಭಾಷಣೆಗಳನ್ನು ಕದ್ದಾಲಿಸಲಾಗಿತ್ತೆಂಬ ಆರೋಪ 2015ರಲ್ಲಿ ಹೊರಬಿದ್ದು, ಪ್ರಧಾನಿ ನಿಕೊಲಾ ಗ್ರುಯೆವ್ಸ್ಕಿ ಮುಂದಿನ ವರ್ಷ ಅಧಿಕಾರ ಬಿಡಬೇಕಾಯಿತು.

ಪ್ರೆಸ್ಪಾ ಒಪ್ಪಂದ

ಜೊರಾನ್ ಜಾಯೆವ್ ಪ್ರಧಾನಿಯಾದ ಮೇಲೆ ಗ್ರೀಸ್‌ನ ಅಲೆಕ್ಸಿಸ್ ಸಿಪ್ರಾಸ್ ಸರ್ಕಾರದೊಂದಿಗೆ ನಡೆದ ಮಾತುಕತೆ ಫಲ ನೀಡಿತು. 2018ರ ಜೂನ್ 17ರಂದು ಎರಡೂ ದೇಶಗಳ ಗಡಿಯಲ್ಲಿರುವ ಪ್ರೆಸ್ಪಾ ಸರೋವರದ ದಡದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ದೇಶದ ಹೆಸರು 'ಉತ್ತರ ಮ್ಯಾಸಿಡೋನಿಯಾ ಗಣರಾಜ್ಯ' ಎಂದಾಗಬೇಕು, ಭಾಷೆಯ ಹೆಸರು ಮ್ಯಾಸಿಡೋನಿಯನ್ ಎಂದೇ ಉಳಿಯಬೇಕು ಎಂಬುದು ಅದರ ತಿರುಳು. ಸೆಪ್ಟೆಂಬರ್ 30ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ. 90ಕ್ಕೂ ಹೆಚ್ಚು ಜನ ಒಪ್ಪಿದರೂ, ಮತದಾನದ ಪ್ರಮಾಣ ಸುಮಾರು ಶೇ. 37 ಮಾತ್ರವಾದ್ದರಿಂದ ಅಗತ್ಯ ಮಿತಿ ತಲುಪಲಿಲ್ಲ. ಕೊನೆಗೆ 120 ಸ್ಥಾನಗಳ ಸಂಸತ್ತಿನಲ್ಲಿ 81 ಮತಗಳಿಂದ ಸಂವಿಧಾನ ತಿದ್ದುಪಡಿ ಅಂಗೀಕಾರವಾಗಿ, 2019ರ ಫೆಬ್ರುವರಿಯಲ್ಲಿ ಹೊಸ ಹೆಸರು ಜಾರಿಗೆ ಬಂತು.

ತನ್ನ ಹೆಸರನ್ನೇ ಬದಲಿಸಿದ ದೇಶಕ್ಕೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಅಡ್ಡಿಯಾಯಿತು. ವಿಸ್ತರಣೆಯ ವಿಧಾನವೇ ಮೊದಲು ಸುಧಾರಿಸಬೇಕೆಂಬುದು ಅಧ್ಯಕ್ಷ ಮ್ಯಾಕ್ರನ್ ಅವರ ವಾದವಾಗಿತ್ತು. ವಿಧಾನ ಪರಿಷ್ಕೃತವಾದ ಬಳಿಕ 2020ರ ಮಾರ್ಚ್‌ನಲ್ಲಿ ಮಾತುಕತೆಗೆ ತಾತ್ತ್ವಿಕ ಸಮ್ಮತಿ ದೊರೆಯಿತು. ಅದೇ ತಿಂಗಳ 27ರಂದು ದೇಶ ನ್ಯಾಟೋ ಸದಸ್ಯನಾಯಿತು.

ಬಲ್ಗೇರಿಯಾದ ಆಕ್ಷೇಪ

2020ರ ನವೆಂಬರ್‌ನಲ್ಲಿ ತಡೆಯೊಡ್ಡಿದ್ದು ಪೂರ್ವದ ನೆರೆರಾಷ್ಟ್ರ ಬಲ್ಗೇರಿಯಾ. ಮ್ಯಾಸಿಡೋನಿಯನ್ ಭಾಷೆ ಬಲ್ಗೇರಿಯನ್ನಿನ ಒಂದು ರೂಪವಷ್ಟೇ ಎಂಬುದು ಆ ದೇಶದ ನಿಲುವು. ಉಭಯ ದೇಶಗಳ 2017ರ ಸ್ನೇಹ ಒಪ್ಪಂದದಲ್ಲಿಯೂ ಭಾಷೆಯ ಹೆಸರನ್ನು 'ಸಂವಿಧಾನದ ಪ್ರಕಾರ' ಎಂಬ ವಿಶೇಷಣದೊಂದಿಗೇ ಬರೆಯಬೇಕಾಗಿತ್ತು. ಅದೇ ಒಪ್ಪಂದದಡಿ ರಚನೆಯಾದ ಇತಿಹಾಸಕಾರರ ಜಂಟಿ ಆಯೋಗದ ಕೆಲಸವೂ ಸುಲಭವಾಗಿರಲಿಲ್ಲ. ಓಟೊಮನ್ ಆಳ್ವಿಕೆಯ ವಿರುದ್ಧ ಹೋರಾಡಿ 1903ರಲ್ಲಿ ಮಡಿದ ಗೊತ್ಸೆ ದೆಲ್ಚೆವ್ ಯಾರವನು ಎಂಬುದು ಮುಖ್ಯ ತೊಡಕುಗಳಲ್ಲೊಂದು. ಆತ ಹುಟ್ಟಿದ ಊರು ಇಂದು ಗ್ರೀಸ್‌ನಲ್ಲಿದೆ, ಸಮಾಧಿ ಸ್ಕೋಪ್ಯೆಯಲ್ಲಿದೆ, ಎರಡೂ ದೇಶಗಳು ಆತನನ್ನು ತಮ್ಮ ರಾಷ್ಟ್ರವೀರನೆಂದು ಗೌರವಿಸುತ್ತವೆ.

2022ರಲ್ಲಿ ಫ್ರಾನ್ಸ್ ಮುಂದಿಟ್ಟ ರಾಜಿಸೂತ್ರದಂತೆ, ಸಂವಿಧಾನದಲ್ಲಿ ಹೆಸರಿಸಲಾದ ಸಮುದಾಯಗಳ ಸಾಲಿಗೆ ಬಲ್ಗೇರಿಯನ್ನರನ್ನೂ ಸೇರಿಸಬೇಕು. ಸ್ಕೋಪ್ಯೆಯಲ್ಲಿ ತೀವ್ರ ಪ್ರತಿಭಟನೆಗಳ ನಡುವೆ ಸಂಸತ್ತು ಇದನ್ನು 68 ಮತಗಳಿಂದ ಒಪ್ಪಿತು. ಜುಲೈ 19ರಂದು ಮೊದಲ ಅಂತರ ಸರ್ಕಾರಿ ಸಮ್ಮೇಳನ ನಡೆಯಿತು. ಆದರೆ ತಿದ್ದುಪಡಿಗೆ ಮೂರನೇ ಎರಡರಷ್ಟು, ಅಂದರೆ 80 ಮತಗಳು ಬೇಕು. ಅಷ್ಟು ಬೆಂಬಲ ಸರ್ಕಾರಕ್ಕೆ ದೊರೆಯಲಿಲ್ಲ. 2021ರ ಜನಗಣತಿಯಲ್ಲಿ ತಮ್ಮನ್ನು ಬಲ್ಗೇರಿಯನ್ನರೆಂದು ನಮೂದಿಸಿದವರು 3,504 ಮಂದಿ. ಸಂಖ್ಯೆಗಿಂತಲೂ, ಇದರ ನಂತರ ಇನ್ನೊಂದು ಬೇಡಿಕೆ ಬಾರದೆಂಬ ಭರವಸೆಯಿಲ್ಲದಿರುವುದೇ ವಿರೋಧಿಗಳ ಮುಖ್ಯ ಆಕ್ಷೇಪ.

2024ರ ನಂತರ

2024ರ ಮೇ ಚುನಾವಣೆಯಲ್ಲಿ ಗೆದ್ದ ವಿಎಂಆರ್‌ಒ-ಡಿಪಿಎಂಎನ್‌ಇ ಪಕ್ಷದ ಹ್ರಿಸ್ತಿಯಾನ್ ಮಿಟ್ಸ್ಕೋಸ್ಕಿ ಪ್ರಧಾನಿಯಾದರು. ಅಧ್ಯಕ್ಷೆ ಗೋರ್ದಾನಾ ಸಿಲ್ಯಾನೊವ್ಸ್ಕಾ-ದಾವ್ಕೊವಾ ಪ್ರಮಾಣವಚನದ ವೇಳೆ ದೇಶವನ್ನು 'ಮ್ಯಾಸಿಡೋನಿಯಾ' ಎಂದಷ್ಟೇ ಕರೆದಾಗ ಗ್ರೀಸ್‌ನ ರಾಯಭಾರಿ ಸಭೆಯಿಂದ ಹೊರನಡೆದರು. ತಿದ್ದುಪಡಿ ಮಾಡಿದರೂ ಅದು ಸದಸ್ಯತ್ವ ದೊರೆತ ಮೇಲೆಯೇ ಜಾರಿಯಾಗಲಿ ಎಂದು ಹೊಸ ಸರ್ಕಾರ ಕೇಳಿತು, ಬಲ್ಗೇರಿಯಾ ಒಪ್ಪಲಿಲ್ಲ. ಅದುವರೆಗೆ ಉತ್ತರ ಮ್ಯಾಸಿಡೋನಿಯಾದ ಜೊತೆಯಲ್ಲೇ ಪರಿಗಣಿಸಲ್ಪಡುತ್ತಿದ್ದ ಅಲ್ಬೇನಿಯಾವನ್ನು ಒಕ್ಕೂಟ ಪ್ರತ್ಯೇಕಿಸಿತು. ಐದು ವರ್ಷ ತಡವಾಗಿ ಅರ್ಜಿ ಸಲ್ಲಿಸಿದ್ದ ಅಲ್ಬೇನಿಯಾ 2024ರ ಅಕ್ಟೋಬರ್ 15ರಂದು ಮಾತುಕತೆಯ ಮೊದಲ ವಿಷಯಗುಚ್ಛವನ್ನು ತೆರೆಯಿತು.