ವಾತಾಪಿಯ ಕಲ್ಮನೆ



ಮಡಿಕೇರಿಯ ಗದ್ದಿಗೆಯ ಮುಂದೆ ನಿಂತವರಿಗೆ ಅರಸೊತ್ತಿಗೆಯ ಅನಿತ್ಯತೆಯನ್ನು ಬೇರೆ ಹೇಳಬೇಕಾಗಿಲ್ಲ. ಹಾಲೇರಿಯ ಮುದ್ದುರಾಜನು 1681ರಲ್ಲಿ ರಾಜಧಾನಿಯಾಗಿಸಿದ ಈ ಪುರವು 1834ರಲ್ಲಿ ಪರಾಧೀನವಾಯಿತು. ಲಿಂಗರಾಜನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರನ ಗುಡಿಯಲ್ಲಿ ಪೂಜೆ ಮಾತ್ರ ಇಂದಿಗೂ ನಡೆಯುತ್ತಿದೆ. ಈ ಸತ್ಯವನ್ನು ಇನ್ನಷ್ಟು ದೂರದ ಕಾಲದಲ್ಲಿ ಕಾಣಬೇಕಾದರೆ ಒಮ್ಮೆ ಬಾದಾಮಿಗೆ ಹೋಗಿಬನ್ನಿರಿ.

ಅಲ್ಲಿಯ ಕೆಂಬಂಡೆಯ ಬೆಟ್ಟವನ್ನು ಒಂದನೆಯ ಪುಲಕೇಶಿಯು 543ರಲ್ಲಿ ದುರ್ಗವನ್ನಾಗಿಸಿದನು. 642ರಲ್ಲಿ ಪಲ್ಲವ ನರಸಿಂಹವರ್ಮನು ಆ ನಗರವನ್ನು ಗೆದ್ದನು. ಚಲುಕ್ಯರ ಅರಮನೆಗಳು ಅಳಿದವು. ಬಂಡೆಯಲ್ಲಿ ಕೊರೆದ ನಾಲ್ಕು ಗುಹಾಲಯಗಳು ಉಳಿದಿವೆ. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ, ನಡುವಣ ಎರಡರಲ್ಲಿ ವಿಷ್ಣು, ಕಡೆಯದರಲ್ಲಿ ಜಿನಬಿಂಬಗಳು. ಒಂದೇ ಬೆಟ್ಟವು ಮೂರು ಮತಗಳಿಗೆ ಆಶ್ರಯವಿತ್ತಿದೆ.

578ರಲ್ಲಿ ಮಂಗಲೇಶನು ಪೂರ್ಣಗೊಳಿಸಿದ ಮೂರನೆಯ ಗುಹೆಯಲ್ಲಿ ಅವನ ಕನ್ನಡ ಶಾಸನವೂ ಇದೆ. ಗುಹಾಲಯವನ್ನು ಅದು ‘ಕಲ್ಮನೆ’ ಎಂದು ಕರೆಯುತ್ತದೆ. ಲಂಜಿಗೇಸರವೆಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟುದನ್ನು ಹೇಳುವಾಗ, ಹೂಮಾಲೆ ಕಟ್ಟುವವರ ಪಾಲನ್ನೂ ಅದು ಮರೆತಿಲ್ಲ. ಅರಸನ ಕೀರ್ತಿಯ ಮಗ್ಗುಲಲ್ಲಿಯೇ ಕಾಯಕಜೀವಿಗಳಿಗೂ ಆ ಕಲ್ಲಿನಲ್ಲಿ ಎಡೆಯುಂಟು.

ಹಿಂದಿರುಗುವಾಗ ಮಲಪ್ರಭೆಯ ದಡದಲ್ಲಿರುವ, ಹಾನಗಲ್ಲ ಕುಮಾರಸ್ವಾಮಿಗಳವರು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವನ್ನೂ ದರ್ಶಿಸಿರಿ. ಅರಸರಿಲ್ಲದ ಆ ನಾಡಿನಲ್ಲಿ ವಟುಗಳ ಅಧ್ಯಯನ ಇನ್ನೂ ನಡೆದಿದೆ. ನಮ್ಮೂರಿನ ಗುಡಿಯಲ್ಲಿ ನಾಳೆ ಹೂಮಾಲೆ ತಂದವರನ್ನು ಕಂಡಾಗ, ಅವರನ್ನೊಮ್ಮೆ ಆದರದಿಂದ ಮಾತನಾಡಿಸಿರಿ.