ಹೆಸರಿನೊಳಗಿನ ಜಗಳ

ಯಾವುದೇ ಊರಿನ ಹೆಸರು ಕೆದಕಿದರೂ ಒಂದು ಕೆರೆಯೋ ಒಂದು ಹಳೇ ವ್ಯಾಜ್ಯವೋ ಹೊರಗೆ ಬರುತ್ತದೆ. ವರದಿಗೆಂದು ಹಳ್ಳಿ ಸುತ್ತುವ ನಮಗಿದು ರೂಢಿ. ಕಂಪ್ಯೂಟರಿನ ಹಳೇ ಆಪರೇಟಿಂಗ್ ಸಿಸ್ಟಂಗಳ ಹೆಸರು ಕೆದಕಿದಾಗಲೂ ಸಿಕ್ಕಿದ್ದು ವ್ಯಾಜ್ಯವೇ.

1960ರ ಸುಮಾರಿಗೆ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. ಲೆಕ್ಕವನ್ನು ಕಾರ್ಡುಗಳಲ್ಲಿ ತೂತು ಹೊಡೆದು ಕೊಟ್ಟು ಸರದಿಗೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಮತ್ತೆ ಸಾಲಿನ ಕೊನೆಗೆ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಯಂತ್ರದ ಸಮಯವನ್ನು ಚೂರು ಮಾಡಿ ಹಲವರಿಗೆ ಹಂಚುವ ವ್ಯವಸ್ಥೆ ಕಟ್ಟಿ, 1961ರ ನವೆಂಬರಿನಲ್ಲಿ ತೋರಿಸಿದರು. ಹೆಸರು ಕಂಪ್ಯಾಟಿಬಲ್ ಟೈಮ್-ಶೇರಿಂಗ್ ಸಿಸ್ಟಂ. ಕಂಪ್ಯಾಟಿಬಲ್ ಅಂದರೆ ಹೊಂದಿಕೊಂಡು ಹೋಗುವಂಥದ್ದು. ಯಾರೊಂದಿಗೆ? ಕಾರ್ಡು ಹಿಡಿದು ಕಾಯುತ್ತಿದ್ದವರೊಂದಿಗೆ. ಅವರ ಕೆಲಸವೂ ಅದೇ ಯಂತ್ರದಲ್ಲಿ, ಹಿನ್ನೆಲೆಯಲ್ಲಿ, ಸಾಗುತ್ತಿತ್ತು. ಹೊಸದು ಬಂತೆಂದು ಹಳಬರ ಕೆಲಸ ನಿಲ್ಲುವುದಿಲ್ಲ ಎಂಬ ಮಾತು ಹೆಸರಲ್ಲೇ ಇತ್ತು.

ಆದರೆ ಒಂದೇ ಯಂತ್ರವನ್ನು ಹಲವರು ಹಂಚಿಕೊಂಡರೆ ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದಲ್ಲ, ಅದಕ್ಕೆ ಪಾಸ್‌ವರ್ಡ್ ಬಂತು. ಎಂಐಟಿಯದೇ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದ ಹುಡುಗರಿಗೆ ಈ ಬೀಗ ಹಿಡಿಸಲಿಲ್ಲ. 1960ರ ದಶಕದ ಕೊನೆಗೆ ಅವರು ತಮ್ಮದೇ ವ್ಯವಸ್ಥೆ ಬರೆದರು. ಪಾಸ್‌ವರ್ಡ್ ಇಲ್ಲ, ಯಾರ ಕಡತವನ್ನು ಯಾರೂ ತೆರೆಯಬಹುದು. ಟಾಮ್ ನೈಟ್ ಇಟ್ಟ ಹೆಸರು: ಇನ್‌ಕಂಪ್ಯಾಟಿಬಲ್ ಟೈಮ್‌ಶೇರಿಂಗ್ ಸಿಸ್ಟಂ. ಹೊಂದಿಕೊಳ್ಳದ್ದು! ತಮಾಷೆಯೇ ಸರಿ, ಆದರೆ ಯಂತ್ರ ಯಾರದು ಎಂಬ ಪ್ರಶ್ನೆ ತಮಾಷೆಯದಲ್ಲ. ಬೀಗ ಹಾಕಿದವರ ಕಡೆಗೂ ನ್ಯಾಯವಿತ್ತು ಎಂದೇ ನಮಗನ್ನಿಸುತ್ತದೆ. ಸುದ್ದಿಮೂಲದವರ ಹೆಸರು ಬಚ್ಚಿಡುವುದು ನಮ್ಮ ಕಸುಬಿನ ಭಾಗ ತಾನೆ.

ಅತ್ತ ಕೊರ್ಬಾಟೊ ಬಳಗ ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಜೊತೆ ಸೇರಿ ಭಾರಿ ಕನಸಿನ ಮಲ್ಟಿಕ್ಸ್‌ಗೆ ಕೈಹಾಕಿತ್ತು. ಇಲ್ಲಿ ‘ಮಲ್ಟಿ’ ಎಂದರೆ ಬಹು. ಕೆಲಸ ತಡವಾಗುತ್ತ ಹೋಗಿ 1969ರಲ್ಲಿ ಬೆಲ್ ಲ್ಯಾಬ್ಸ್ ಕೈಬಿಟ್ಟಿತು. ಅಲ್ಲಿನ ಕೆನ್ ಥಾಂಪ್ಸನ್ ಮೂಲೆಯಲ್ಲಿದ್ದ ಪಿಡಿಪಿ-7 ಎಂಬ ಪುಟ್ಟ ಯಂತ್ರಕ್ಕೆ ಸಣ್ಣದೊಂದು ವ್ಯವಸ್ಥೆ ಬರೆದರು, ಡೆನ್ನಿಸ್ ರಿಚಿ ಕೈಜೋಡಿಸಿದರು. ಮಲ್ಟಿ ಹೋದ ಮೇಲೆ ಉಳಿದದ್ದು ‘ಯುನಿ’, ಒಂದು. ಬ್ರಯಾನ್ ಕರ್ನಿಹನ್ 1970ರಲ್ಲಿ ಸೂಚಿಸಿದ ಯುನಿಕ್ಸ್ ಎಂಬ ಈ ಹೆಸರು ದೊಡ್ಡಣ್ಣನ ಕಾಲೆಳೆಯುವಂಥದ್ದು. ಕೊನೆಯ ‘ಸಿಎಸ್’ ಆಮೇಲೆ ‘ಎಕ್ಸ್’ ಆಯಿತು, ಉಚ್ಚಾರ ಬದಲಾಗಲಿಲ್ಲ. ಜೇಬಿನ ಆಂಡ್ರಾಯ್ಡ್ ಫೋನಿನೊಳಗೆ ಕೂತ ಲಿನಕ್ಸ್‌ನ ಬಾಲದಲ್ಲಿರುವುದೂ ಅದೇ ‘ಎಕ್ಸ್’.