ಚಂದ್ರನ ಸ್ಪರ್ಧೆಗೆ ಇಳಿದಿದ್ದ ಬೆಂಗಳೂರಿನ ತಂಡ

ನಮ್ಮ ಕಂಪ್ಲಿ ಕಡೆ ಹಬ್ಬ, ಜಾತ್ರೆ ಬಂದರೆ ಕಲ್ಲು ಎತ್ತುವ ಸ್ಪರ್ಧೆ ಇಡುತ್ತಾರೆ. ಯಾರೂ ಎತ್ತದಿದ್ದರೆ ಬಹುಮಾನ ಕಮಿಟಿಯವರ ಹತ್ತಿರವೇ ಉಳಿಯುತ್ತದೆ. ವರ್ಷವಿಡೀ ಹಾಲು, ಬಾದಾಮಿ ಅಂತ ಮಾಡಿದ ಖರ್ಚು ಮಾತ್ರ ಪೈಲ್ವಾನನ ಮನೆಯದೇ. ಬಾಹ್ಯಾಕಾಶದ ಸ್ಪರ್ಧೆಗಳ ಕತೆಯೂ ಹೀಗೇ ಇದೆ.

ನೆಲದಿಂದ ಬಾಹ್ಯಾಕಾಶಕ್ಕೆ ಹಗ್ಗ ಕಟ್ಟಿ ಲಿಫ್ಟ್ ಓಡಿಸಬೇಕು ಅನ್ನುವುದು ಹಳೆಯ ಕನಸು. ಅದಕ್ಕಾಗಿ ಅಮೆರಿಕದ ನಾಸಾ 2005ರಿಂದ ಬಹುಮಾನ ಇಟ್ಟಿತ್ತು. 2009ರಲ್ಲಿ ಲೇಸರ್‌ಮೋಟಿವ್ ತಂಡದ ಯಂತ್ರ ಹೆಲಿಕಾಪ್ಟರ್‌ನಿಂದ ಇಳಿಬಿಟ್ಟ ಸುಮಾರು 1 ಕಿ.ಮೀ. ಹಗ್ಗವನ್ನು ಲೇಸರ್ ಬೆಳಕಿನ ಶಕ್ತಿಯಿಂದಲೇ ಹತ್ತಿ 9 ಲಕ್ಷ ಡಾಲರ್ ಗೆದ್ದಿತು. ಅಷ್ಟು ಗಟ್ಟಿಯಾದ ಹಗ್ಗ ಮಾಡುವ ಸ್ಪರ್ಧೆಯನ್ನು ಮಾತ್ರ ಯಾರೂ ಗೆಲ್ಲಲಿಲ್ಲ.

ಇಂಥದ್ದೇ ಇನ್ನೊಂದು ಸ್ಪರ್ಧೆಗೆ ನಮ್ಮ ರಾಜ್ಯದಿಂದಲೂ ಒಂದು ತಂಡ ಇಳಿದಿತ್ತು. 2007ರಲ್ಲಿ ಗೂಗಲ್ ಲೂನಾರ್ ಎಕ್ಸ್ ಪ್ರೈಜ್ ಘೋಷಣೆಯಾಯಿತು. ಚಂದ್ರನ ಮೇಲೆ ಇಳಿಯಬೇಕು, 500 ಮೀಟರ್ ಸಾಗಬೇಕು, ಅಲ್ಲಿಂದ ಫೋಟೊ, ವಿಡಿಯೊ ಕಳಿಸಬೇಕು. ಮೊದಲ ಬಹುಮಾನ 2 ಕೋಟಿ ಡಾಲರ್. ಆದರೆ ಖರ್ಚಿನ ಶೇ 90ರಷ್ಟು ಖಾಸಗಿ ಹಣವೇ ಆಗಿರಬೇಕು ಎಂಬ ಷರತ್ತಿತ್ತು.

ಭಾರತದಿಂದ ಇದ್ದದ್ದು ಟೀಮ್ ಇಂಡಸ್ ಒಂದೇ. ರಾಹುಲ್ ನಾರಾಯಣ್ ಮತ್ತು ಗೆಳೆಯರು ಕಟ್ಟಿದ ಈ ತಂಡ ಬೆಂಗಳೂರಿನಲ್ಲಿ ನೆಲೆಯೂರಿತು. ಇಸ್ರೋದಿಂದ ನಿವೃತ್ತರಾದ ಹಿರಿಯರು ಯುವ ಎಂಜಿನಿಯರ್‌ಗಳ ಜೊತೆ ಕೂತು ಕೆಲಸ ಮಾಡಿದರು. 2015ರ ಜನವರಿಯಲ್ಲಿ, ನೌಕೆ ಇಳಿಸುವ ತಂತ್ರಜ್ಞಾನಕ್ಕಾಗಿ 10 ಲಕ್ಷ ಡಾಲರ್‌ನ ಮಧ್ಯಂತರ ಬಹುಮಾನ ಬಂತು. ಜಪಾನಿನ ಹಕುಟೊ ತಂಡ ತನ್ನ ಪುಟ್ಟ ಗಾಡಿಯನ್ನು ಇವರ ನೌಕೆಯಲ್ಲೇ ಕಳಿಸಲು ಒಪ್ಪಿಕೊಂಡಿತು. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್‌ಗೂ ಒಪ್ಪಂದವಾಯಿತು.

ಎಡವಿದ್ದು ಹಣದಲ್ಲಿ. ಬೇಕಾದ ಖರ್ಚು ಬಹುಮಾನಕ್ಕಿಂತ ಎಷ್ಟೋ ಹೆಚ್ಚಿತ್ತು. ಅದನ್ನು ಹೊಂದಿಸಲು ಆಗಲಿಲ್ಲ, ರಾಕೆಟ್ ಒಪ್ಪಂದವೂ ಮುರಿಯಿತು. ಗಡುವು 2018ರ ಮಾರ್ಚ್ 31 ಇತ್ತು. ಅಷ್ಟರೊಳಗೆ ಯಾವ ತಂಡವೂ ಚಂದ್ರನನ್ನು ತಲುಪಲಾರದು ಎಂದು ಸಂಘಟಕರೇ ಜನವರಿಯಲ್ಲಿ ಹೇಳಿಬಿಟ್ಟರು. ದೊಡ್ಡ ಬಹುಮಾನ ಹಾಗೇ ಉಳಿಯಿತು.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದದ್ದನ್ನು ನಾವೆಲ್ಲ ಮೊಬೈಲ್ ಹಿಡಿದು ನೋಡಿದೆವು. ಅದಕ್ಕೆ ಸರ್ಕಾರ ಮೊದಲೇ ಹಣ ಕೊಟ್ಟಿತ್ತು. ಸ್ಪರ್ಧೆಯಲ್ಲಿ ಹಾಗಲ್ಲ, ಗೆದ್ದ ಮೇಲೆಯೇ ದುಡ್ಡು.

ನಮ್ಮೂರ ಶಾಲೆಗಳಲ್ಲೂ ವಿಜ್ಞಾನ ಮಾದರಿ ಸ್ಪರ್ಧೆ ನಡೆಯುತ್ತದೆ. ವೈರ್, ಮೋಟಾರ್ ಕೊಳ್ಳಲು ಕಾಸಿಲ್ಲದ ಮಗು ಹೆಸರನ್ನೇ ಕೊಡುವುದಿಲ್ಲ. ಬಹುಮಾನ ಇಡುವ ಹಿರಿಯರಲ್ಲಿ ನಮ್ಮದೊಂದು ಮಾತು: ಕಪ್ ಸ್ವಲ್ಪ ಸಣ್ಣದಾದರೂ ಪರವಾಗಿಲ್ಲ, ಸಾಮಾನಿನ ದುಡ್ಡು ಮೊದಲು ಕೊಡಿ.